ನೆಲಗಪ್ಪೆಯ ಕರುಳಿನ ಮುಳ್ಳಿಲ್ಲದ ಹುಳು

ವಿಜ್ಞಾನ ಪತ್ರಿಕೆಯವರು ಕೇಳಿದ್ದು ಒಂದೇ ಒಂದು ಸಾಲು. ಕಪ್ಪೆ ಸತ್ತ ಎಷ್ಟು ಹೊತ್ತಿನ ಮೇಲೆ ಅದರ ಕರುಳಿನಿಂದ ಹುಳು ತೆಗೆದಿರಿ ಎಂಬುದನ್ನು ಸೇರಿಸಿ, ಅಂತ. ಉಳಿದ ತಿದ್ದುಪಡಿಗಳೆಲ್ಲ ಅಲ್ಪವಿರಾಮ, ಪೂರ್ಣವಿರಾಮದಂಥವು. ಲೇಖನಕ್ಕೆ ಒಪ್ಪಿಗೆ ಸಿಕ್ಕಿತ್ತು. ಆ ಸಾಲು ತುಂಬಿ ಕಳಿಸಿದರೆ ನನ್ನ ಹುಳು ಹೊಸ ಪ್ರಭೇದ ಅಂತ ಅಚ್ಚಾಗುತ್ತಿತ್ತು. ನನ್ನ ಪಿಎಚ್.ಡಿ. ಪ್ರಬಂಧದ ಮುಖ್ಯ ಅಧ್ಯಾಯ ನಿಂತಿದ್ದೇ ಅದರ ಮೇಲೆ. ಪ್ರಬಂಧ ಸಲ್ಲಿಸುವ ಅವಧಿ ಎಂದೋ ಮುಗಿದು, ಕೈಮುಗಿದು ಪಡೆದ ಹೆಚ್ಚುವರಿ ಅವಧಿಯೂ ಆ ಮಳೆಗಾಲದ ಕೊನೆಗೆ ಮುಗಿಯುವುದರಲ್ಲಿತ್ತು. ಐವತ್ತರ ಹತ್ತಿರದ ಹೆಂಗಸಿಗೆ ಮೂರನೇ ಸಲ ಅವಧಿ ಕೊಡುವುದಿಲ್ಲ ಎಂದು ಕಚೇರಿಯಲ್ಲಿ ಮೆತ್ತಗೆ ಹೇಳಿದ್ದರು.

ಮೇಲ್ ಓದಿದಾಗ ನಾನು ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಮೊದಲು ಖುಷಿಯಾಯಿತು. ಆಮೇಲೆ ಆ ಸಾಲನ್ನು ಮತ್ತೊಮ್ಮೆ ಓದಿದೆ. ಸಾಸಿವೆ ಸೀದು ಹೋಯಿತು.

ನಾನು ಚನ್ನಗಿರಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳುವವಳು. ನೆಲಗಪ್ಪೆಯ ಹೊಟ್ಟೆಯಲ್ಲಿ ಬಾಳುವ ಹುಳುಗಳನ್ನು ಗುರುತಿಸಿ ವಿಂಗಡಿಸುವುದು ನಾನು ಆರಿಸಿಕೊಂಡ ಕೆಲಸ. ಮೈಯೆಲ್ಲ ಗಂಟುಗಂಟು, ಮಳೆ ಬಂದ ಸಂಜೆ ಬೀದಿದೀಪದ ಬುಡದಲ್ಲಿ ಕೂತು ಕೆಳಗೆ ಬಿದ್ದ ಹಾತೆ ನುಂಗುತ್ತದಲ್ಲ, ಅದೇ ನೆಲಗಪ್ಪೆ. ಅದರ ಸಣ್ಣಕರುಳಿನಲ್ಲಿ ಎಳ್ಳಿನಷ್ಟೇ ಇರುವ ಒಂದು ಚಪ್ಪಟೆ ಹುಳು ಇರುತ್ತದೆ. ಅದರ ಕುಲದ ಹೆಸರು ಮೀಸೋಸೀಲಿಯಂ. ಬಾಯಿಯ ಸುತ್ತ ಒಂದು ಹೀರುಬಟ್ಟಲು, ಹೊಟ್ಟೆಯ ಮೇಲೆ ಇನ್ನೊಂದು, ಹಿಂಭಾಗದ ತುಂಬ ಕಂದು ಬಣ್ಣದ ಮೊಟ್ಟೆ. ಮೈಮೇಲೆ ಮುಳ್ಳು. ಬರಿಗಣ್ಣಿಗಿರಲಿ, ಮೈಕ್ರೊಸ್ಕೋಪಿನ ಸಣ್ಣ ಮಸೂರಕ್ಕೂ ಅವು ಕಾಣುವುದಿಲ್ಲ. ದೊಡ್ಡ ಮಸೂರ ತಿರುಗಿಸಿ, ಬೆಳಕು ಕಡಿಮೆ ಮಾಡಿದರೆ ಅಂಚಿನುದ್ದಕ್ಕೂ ಹಲಸಿನ ಸಿಪ್ಪೆಯ ಹಾಗೆ ಮೂಡುತ್ತವೆ.

ನಮ್ಮ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಸುತ್ತಿನ ನೆಲಗಪ್ಪೆಗಳಲ್ಲಿ ಸಿಕ್ಕ ಹುಳುಗಳಿಗೆಲ್ಲ ಈ ಮುಳ್ಳಿದ್ದವು. ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಹುಳುಗಳಿಗೆ ಇರಲಿಲ್ಲ. ಮೈ ನುಣ್ಣಗೆ, ಉದ್ದವೂ ಹೆಚ್ಚು. ನನ್ನ ಗೈಡ್ ಸರ್ ಸ್ಲೈಡುಗಳನ್ನು ಬಹಳ ಹೊತ್ತು ನೋಡಿ, ಕನ್ನಡಕ ತೆಗೆದು, "ಇದು ಬೇರೇನೇ ಕಣಮ್ಮ, ಹೆಸರು ಯೋಚನೆ ಮಾಡಿ" ಅಂದಿದ್ದರು. ನಾನು ಯೋಚನೆ ಮಾಡುವ ಅಗತ್ಯವೇ ಇರಲಿಲ್ಲ. ಮೊದಲ ಸಲ ಆ ನುಣ್ಣನೆಯ ಹುಳು ಸಿಕ್ಕಿದ್ದು ಹೊನ್ನಾಳಿಯ ಕಪ್ಪೆಯಲ್ಲಿ. ಹೊನ್ನಾಳಿ ನನ್ನ ತವರು. ಲ್ಯಾಟಿನ್ನಿನಲ್ಲಿ 'ಹೊನ್ನಾಳಿಯದು' ಎಂಬರ್ಥ ಬರುವಂತೆ ಹೊನ್ನಾಳಿಯೆನ್ಸೆ ಎಂದು ಬರೆದು ತೋರಿಸಿದೆ. ಸರ್ ನಕ್ಕು ತಲೆಯಾಡಿಸಿದರು.

ಈ ಹೆಸರಿನ ವಿಷಯ ಅಣ್ಣನಿಗೆ ಹೇಳಿದ್ದು ದೊಡ್ಡ ಎಡವಟ್ಟು. ಹೇಳದೇ ಇರುವ ಹಾಗೂ ಇರಲಿಲ್ಲ, ಏಕೆಂದರೆ ಹೊನ್ನಾಳಿಯ ಕಪ್ಪೆ ಕಳಿಸುತ್ತಿದ್ದವನೇ ಅವನು. ಅವನದು ಲಗೇಜು ಆಟೊ. ನಸುಕಿಗೆ ತರಕಾರಿ ಹೇರಿಕೊಂಡು ನ್ಯಾಮತಿ, ಸವಳಂಗದವರೆಗೂ ಹೋಗಿ ಬರುತ್ತಾನೆ. ಮಳೆಯಾದ ಮರುದಿನ ರಸ್ತೆಯ ಮೇಲೆ ಗಾಡಿಗೆ ಸಿಕ್ಕು ಸತ್ತ ನೆಲಗಪ್ಪೆಗಳು ಬಿದ್ದಿರುತ್ತವೆ. ಹೊಟ್ಟೆ ಒಡೆಯದ್ದನ್ನು ಆರಿಸಿ ಥರ್ಮಾಕೋಲ್ ಡಬ್ಬಿಯಲ್ಲಿ ಐಸಿನ ಮೇಲಿಟ್ಟು, ಚನ್ನಗಿರಿ ಬಸ್ಸಿನ ಡ್ರೈವರ್ ಕೈಗೆ ಕೊಡುತ್ತಿದ್ದ. ನಮ್ಮ ಕಡೆ ಮದುವೆ ಕಾರ್ಡಿನಿಂದ ಮೋಟರಿನ ಬಿಡಿಭಾಗದವರೆಗೆ ಎಲ್ಲವೂ ಹೀಗೇ ಡ್ರೈವರ್ ಪಕ್ಕದಲ್ಲಿ ಕೂತು ಊರೂರು ಸುತ್ತುತ್ತದೆ. ಕಪ್ಪೆಯೂ ಸುತ್ತಿತು. ಜಗಳೂರಿನಲ್ಲಿ ನನ್ನ ಬಿ.ಎಸ್‌ಸಿ. ಗೆಳತಿ ಹೈಸ್ಕೂಲು ಟೀಚರು. ಅವಳೂ ಅದೇ ರೀತಿ, ದಾವಣಗೆರೆಯಲ್ಲಿ ಬಸ್ಸು ಬದಲಾಯಿಸುವಂತೆ ಹೇಳಿ ಕಳಿಸುತ್ತಿದ್ದಳು. ನಾನು ಕ್ಲಾಸು ಮುಗಿಸಿ ಬಸ್‌ಸ್ಟ್ಯಾಂಡಿಗೆ ಹೋಗಿ ಡಬ್ಬಿ ಬಿಡಿಸಿಕೊಳ್ಳುತ್ತಿದ್ದೆ. ಜೀವಂತ ಕಪ್ಪೆಯನ್ನು ಹಿಡಿದು ಕೊಯ್ಯಲು ನನಗೆ ಅನುಮತಿ ಇದ್ದದ್ದು ಚನ್ನಗಿರಿ ತಾಲ್ಲೂಕಿನಲ್ಲಿ ಮಾತ್ರ, ಅದೂ ಕೆಲವೇ ಕೆಲವಕ್ಕೆ. ಬೇರೆ ಕಡೆಯವು ರಸ್ತೆಯಲ್ಲಿ ಸತ್ತವೇ ಆಗಬೇಕಿತ್ತು. ನನಗೂ ಅದೇ ಸಮಾಧಾನ. ಹೇಗೂ ಸತ್ತದ್ದು, ನಮ್ಮ ಕೈಯಿಂದ ಅಲ್ಲ ಅಂತ.

ಸೂಳೆಕೆರೆಯ ಕಪ್ಪೆಯನ್ನು ಕಾಲೇಜಿಗೆ ತಂದು, ಅರಿವಳಿಕೆ ಬೆರೆಸಿದ ನೀರಿನಲ್ಲಿ ಬಿಟ್ಟು, ಅದು ಅಲುಗಾಡುವುದು ನಿಂತ ಮೇಲೆ ತಕ್ಷಣ ಕೊಯ್ಯುತ್ತಿದ್ದೆ. ಕರುಳನ್ನು ಉಪ್ಪುನೀರಿನ ಬಟ್ಟಲಲ್ಲಿ ಸೀಳಿದರೆ ಹುಳುಗಳು ಮಿಸುಕಾಡುತ್ತ ಹೊರಬರುತ್ತಿದ್ದವು. ಬಿಸಿ ಫಾರ್ಮಲಿನ್ ಸುರಿದರೆ ಮೈ ಚಾಚಿದ ಭಂಗಿಯಲ್ಲೇ ಸೆಟೆದು ಸಾಯುತ್ತವೆ. ಆಮೇಲೆ ಆಲ್ಕೋಹಾಲು, ಕಾರ್ಮೈನ್ ಬಣ್ಣ, ಮತ್ತೆ ಆಲ್ಕೋಹಾಲು, ಲವಂಗದ ಎಣ್ಣೆ, ಕೊನೆಗೆ ಬಾಲ್ಸಮ್ ಅಂಟು ಹಾಕಿ ಗಾಜು ಮುಚ್ಚುವುದು. ಕೆಲಸದ ದಿನ ನನ್ನ ಸೆರಗೆಲ್ಲ ಲವಂಗದ ವಾಸನೆ. ಅತ್ತೆಯವರು, "ಇವತ್ತು ಪಲಾವು ಮಾಡ್ತಿಯಾ, ಇಲ್ಲ ಹುಳಾನೇನವ್ವ?" ಅಂತ ಕೇಳೋರು. ಡಬ್ಬಿ ಬಂದ ದಿನ ಫ್ರಿಜ್ಜಿನ ಕೆಳಗಿನ ಖಾನೆ ನನ್ನದು. ಒಂದು ಸಲ ಕರಿಬೇವೆಂದುಕೊಂಡು ಬಿಚ್ಚಿದ ಮೇಲೆ ಆ ಖಾನೆಯ ಕಡೆ ಅವರು ಕೈ ಚಾಚುವುದನ್ನೇ ಬಿಟ್ಟಿದ್ದರು.

ಆ ಸಾಲಿನ ಬಗ್ಗೆ ಗೈಡ್ ಸರ್‌ಗೆ ಫೋನು ಮಾಡಿದೆ.

"ಅದಕ್ಕೇನಮ್ಮ ಯೋಚನೆ? ಐಸ್‌ನಲ್ಲಿ ತಂದಿದ್ದೀರಿ. ತಾಜಾ ಕಪ್ಪೆಗಳಿಂದ ತೆಗೆಯಲಾಯಿತು ಅಂತ ಬರೀರಿ."

"ಬೆಳಿಗ್ಗೆ ಕೊಟ್ಟದ್ದು ನನ್ನ ಕೈಗೆ ಸಿಗುವಾಗ ಸಂಜೆ ಆಗಿರುತ್ತಿತ್ತು ಸರ್."

"ಐಸ್ ಇತ್ತಲ್ಲ?"

"ಇತ್ತು."

"ಮತ್ತೆ? ಈ ವಾರ ಕಳಿಸಿಬಿಡಿ. ನಿಮಗಿರೋ ಟೈಮ್ ನಿಮಗೆ ಗೊತ್ತಿದೆ."

ತಾಜಾ ಎಂದು ಬರೆಯುವುದು ಸುಳ್ಳೇನೂ ಅನಿಸಲಿಲ್ಲ, ನಿಜವೂ ಅನಿಸಲಿಲ್ಲ. ಅರ್ಧ ಬೆಂದ ಬೇಳೆಯ ಹಾಗೆ ಅದು ತಲೆಯಲ್ಲಿ ಉಳಿಯಿತು. ಎರಡು ಮೂರು ದಿನ ಲ್ಯಾಪ್‌ಟಾಪ್ ತೆರೆಯುವುದು, ಆ ಸಾಲಿನ ಮುಂದೆ ಕೂರುವುದು, ಮುಚ್ಚುವುದು, ಇಷ್ಟೇ ಆಯಿತು.

ಸಂತೇಬೆನ್ನೂರಿನ ಸಂತೆಗೆ ಹೋಗಿದ್ದೆ. ಈರುಳ್ಳಿ, ಹಸಿಮೆಣಸು ತೆಗೆದುಕೊಂಡು, ಕೊನೆಗೆ ಮೀನಿನ ಸಾಲಿಗೆ ಬಂದೆ. ನಾನು ಯಾವಾಗಲೂ ಕೊಳ್ಳುವ ಹೆಂಗಸು ಅವತ್ತು ಬಂದಿರಲಿಲ್ಲ. ಅವಳ ಜಾಗದಲ್ಲಿ ಮೀಸೆಯ ಗಂಡಸೊಬ್ಬ ಗೋಣಿಚೀಲದ ಮೇಲೆ ಕಾಟ್ಲಾ ಹರಡಿಕೊಂಡು ಕೂತಿದ್ದ.

"ಬರ್ರಿ ಅಕ್ಕಾರೆ, ಸೂಳೆಕೆರೇದು. ಈಗಿನ್ನೂ ಬಲೆಯಿಂದ ಬಂದೈತೆ, ಮುಟ್ಟಿ ನೋಡ್ರಿ ಬೇಕಾದ್ರೆ."

ಮುಟ್ಟಿದೆ. ಬಾಲದ ಕಡೆಯಿಂದ ತಲೆಯ ಕಡೆಗೆ ಹೆಬ್ಬೆರಳು ಸವರಿದೆ. ಮೀನಿನ ಮೈಮೇಲಿನ ಹುರುಪೆ ಬೆರಳಿಗೆ ಅಂಟಿಕೊಂಡು ಬಂತು.

"ಇದು ನಿನ್ನೆ ಬಲೆ ಕಣಪ್ಪ," ಅಂದೆ.

"ಐಸಿನಾಗೆ ಇಟ್ಟೀನಿ ಅಕ್ಕಾರೆ!"

"ಐಸಿನಾಗೆ ಇಟ್ರೆ ನಿನ್ನೆ ಹೋಗಿ ಇವತ್ತು ಆಗ್ತೈತಾ? ಹೊಸ ಮೀನಿನ ಹುರುಪೆ ಈಳಿಗೆಗೇ ಬಗ್ಗಲ್ಲ. ಇದು ಕೈಗೇ ಬರ್ತಾ ಐತೆ ನೋಡು."

"ನಿಮ್ಮಂಥೋರು ನಾಕು ಜನ ಬಂದ್ರೆ ನಾನು ಮೀನು ಬಿಟ್ಟು ಸೊಪ್ಪು ಮಾರಬೇಕಾಗ್ತೈತೆ ಬಿಡ್ರಿ," ಅಂದ. ಪಕ್ಕದಲ್ಲಿದ್ದವರು ನಕ್ಕರು. ನಾನೂ ನಕ್ಕೆ. ನಗುತ್ತಲೇ ಬೆರಳ ತುದಿ ಕಡೆ ನೋಡಿದೆ. ಹೊಳೆಯುವ ಮೂರ್ನಾಲ್ಕು ಹುರುಪೆ. ಮೀನು ಕೊಳ್ಳದೆ ಬಸ್ಸು ಹತ್ತಿದೆ. ಈರುಳ್ಳಿ ಚೀಲವನ್ನು ಸಂತೆಯಲ್ಲೇ ಮರೆತಿದ್ದೆನೆಂದು ತಿಳಿದಿದ್ದು ಚನ್ನಗಿರಿಯಲ್ಲಿ ಇಳಿದ ಮೇಲೆ.

ಚಪ್ಪಟೆ ಹುಳುವಿನ ಮುಳ್ಳು ಸುಲಭವಾಗಿ ಉದುರುತ್ತದೆ ಎಂದು ಪುಸ್ತಕಗಳಲ್ಲಿ ಇದೆ. ನಾನೇ ಓದಿದ್ದೆ, ಪಾಠವನ್ನೂ ಹೇಳಿದ್ದೆ. ಆದರೆ ಅದು ಕೊಳೆತ ಪ್ರಾಣಿಯಿಂದ ತೆಗೆದ ಹುಳುವಿನ ಮಾತು ಎಂದುಕೊಂಡಿದ್ದೆ. ಐಸಿನ ಡಬ್ಬಿ ಅಂದರೆ ನನಗೆ ತಾಜಾ ಎಂದೇ ಅರ್ಥ.

ಮರುದಿನ ಕಾಲೇಜಿನಲ್ಲಿ ಎಲ್ಲ ಸ್ಲೈಡುಗಳನ್ನೂ ಮೇಜಿನ ಮೇಲೆ ಹರಡಿದೆ. ಈ ಸಲ ಪ್ರಭೇದದ ಪ್ರಕಾರ ಜೋಡಿಸಲಿಲ್ಲ. ಡಬ್ಬಿ ನನ್ನ ಕೈಗೆ ಬರಲು ಹಿಡಿದ ಹೊತ್ತಿನ ಪ್ರಕಾರ ಜೋಡಿಸಿದೆ. ಹೊನ್ನಾಳಿಯಿಂದ ಬಂದವು ಮೊದಲು, ನ್ಯಾಮತಿ ಮತ್ತು ಸವಳಂಗ ರಸ್ತೆಯವು ಆಮೇಲೆ, ಜಗಳೂರಿನವು ಕೊನೆಗೆ. ದೊಡ್ಡ ಮಸೂರ ಹಾಕಿ ಒಂದೊಂದರ ಅಂಚನ್ನೂ ಬಾಯಿಯಿಂದ ಬಾಲದವರೆಗೆ ಸುತ್ತಿದೆ. ಹೊನ್ನಾಳಿಯ ಕೆಲವು ಹುಳುಗಳ ಬಾಯಿಯ ಹತ್ತಿರ ಚೂರು ಚೂರು ಕಾಣುತ್ತಿದ್ದವು. ಅವನ್ನು ನಾನು ಬಣ್ಣದ ಕಸ ಎಂದುಕೊಂಡು ಚಿತ್ರದಲ್ಲಿ ಬಿಟ್ಟಿದ್ದೆ. ಸವಳಂಗದ್ದರಲ್ಲಿ ಹುಡುಕಿದರೆ ಎಲ್ಲೋ ಒಂದು. ಜಗಳೂರಿನವು ಬೋಳು. ಹುಳು ಉದ್ದವಾಗುತ್ತ ಹೋದದ್ದೂ ಅದೇ ಕ್ರಮದಲ್ಲಿ. ಸತ್ತ ಹುಳು ಬಿಗಿ ಕಳೆದುಕೊಂಡು ಜೋತುಬಿದ್ದರೆ ಉದ್ದವಾಗದೆ ಇನ್ನೇನು?

ಇದನ್ನೂ ಸರ್‌ಗೆ ಹೇಳಿದೆ.

"ಜಗಳೂರು ಒಣ ಸೀಮೆ, ಚನ್ನಗಿರಿ ನೀರಿನ ಸೀಮೆ. ಮಳೇಲಿ ಇವೆರಡರ ನಡುವೆ ಹೊನ್ನಾಳಿ. ಮುಳ್ಳು ಹಂಗೆ ಕಡಿಮೆ ಆಗ್ತಾ ಹೋಗಿರಬಹುದಲ್ಲ? ಅದನ್ನೇ ಚೆನ್ನಾಗಿ ಬರೆದ್ರೆ ಲೇಖನ ಇನ್ನೂ ಗಟ್ಟಿ ಆಗುತ್ತೆ. ನಿಮ್ಮ ಮೀನಿನ ಸಂತೆ ಮಾತು ಹಾಗಿರಲಿ, ಸಾಬೀತು ಏನಿದೆ?"

ಏನೂ ಇರಲಿಲ್ಲ. ಅವರು ಹೇಳಿದ್ದು ತಪ್ಪೂ ಅಲ್ಲ. ಒಣ ಸೀಮೆಯ ಹುಳು ಬೋಳಾಗಿರಬಾರದೆಂದು ಯಾರೂ ಬರೆದಿಟ್ಟಿಲ್ಲ. ಸರ್ ಮಾತನ್ನು ನಂಬಲು ನನಗೂ ಆಸೆಯಿತ್ತು. ನಂಬಿದರೆ ಹೆಸರೂ ಉಳಿಯುತ್ತಿತ್ತು, ಅಧ್ಯಾಯವೂ ಉಳಿಯುತ್ತಿತ್ತು. ಅನುಮತಿಯಲ್ಲಿ ಇನ್ನೊಂದೇ ಒಂದು ಜೀವಂತ ಕಪ್ಪೆ ಬಾಕಿಯಿತ್ತು. ಅದನ್ನು ಕೊಯ್ದು ನೋಡದೇ ಹೋದರೆ ನನ್ನನ್ನು ಯಾರೂ ಕೇಳುವವರಿರಲಿಲ್ಲ. ಕೊಯ್ದು ನೋಡಿ, ನಾನು ಹೆದರಿದ ಹಾಗೇ ಆದರೆ ಎಲ್ಲ ಮುಗಿಯುತ್ತಿತ್ತು.

ಅದೇ ವಾರ ಅಣ್ಣ ಫೋನು ಮಾಡಿದ. ಹಿನ್ನೆಲೆಯಲ್ಲಿ ಹೋಟೆಲಿನ ಗದ್ದಲ.

"ಏನವ್ವಾ, ನಮ್ಮೂರ ಹುಳ ಪೇಪರಿನಾಗೆ ಬಂತಾ? ಇಲ್ಲಿ ಕೇಳೋರು ಜಾಸ್ತಿ ಆಗ್ಯಾರೆ. ಹೋಟ್ಲು ಸಾಹುಕಾರ್ರಂತೂ, 'ನಿನ್ನ ತಂಗಿ ಊರ ಹೆಸರ್ನ ಹುಳಕ್ಕೆ ಇಡಾಕೆ ಹೊಂಟಾಳಲ್ಲ, ಹುಲಿ ಸಿಗ್ಲಿಲ್ವೇನೋ' ಅಂತಾರೆ."

"ಇನ್ನೂ ಬಂದಿಲ್ಲ ಅಣ್ಣಾ."

"ಯಾಕೆ ಧ್ವನಿ ಹಿಂಗೈತೆ? ಹುಷಾರಿಲ್ವಾ?"

"ಒಂದು ಕಪ್ಪೆ ನೋಡೋದು ಬಾಕಿ ಐತೆ," ಅಂದೆ. ಬಾಯಿಂದ ಮಾತು ಬಂದ ಮೇಲೆ ನಾನು ನಿರ್ಧಾರ ಮಾಡಿಯಾಗಿದೆ ಎಂದು ನನಗೇ ಗೊತ್ತಾಯಿತು.

ಕಪ್ಪೆ ಹಿಡಿಯಲು ಸೂಳೆಕೆರೆಯ ಏರಿಯ ಕೆಳಗಿನ ಹಳ್ಳಿಗೆ ಹೋದೆ. ದೊಡ್ಡದಾಗಿರಬೇಕು, ಏಕೆಂದರೆ ದೊಡ್ಡದರಲ್ಲಿ ಹುಳು ಇರುವ ಸಂಭವ ಹೆಚ್ಚು. ಇಲ್ಲದೇ ಇರುವುದೂ ಉಂಟು. ಹೊಟ್ಟೆ ಖಾಲಿಯಿದ್ದರೆ ನನ್ನ ಕೊನೆಯ ಕಪ್ಪೆ ಹೋಯಿತು, ಪ್ರಶ್ನೆ ಉಳಿಯಿತು. ದನದ ಕೊಟ್ಟಿಗೆಯ ಗೋಡೆ ಬುಡದಲ್ಲಿ ಒಂದು ಹೆಣ್ಣು ಕಪ್ಪೆ ಕೂತಿತ್ತು. ಕೈಗೆ ಬಂದಾಗ ಉಸಿರು ತುಂಬಿ ಉಬ್ಬಿತು. ಗಂಟಲ ಕೆಳಗೆ ಮಿಡಿಯುತ್ತಿತ್ತು. ಹಳ್ಳಿಯ ಮನೆಯೊಡತಿ, "ಅದು ನಮ್ಮ ಕೊಟ್ಟಿಗೇದು, ಸೊಳ್ಳೆ ತಿಂತಿತ್ತು. ತಿರುಗಿ ಬಿಡ್ತೀರಾ?" ಅಂತ ಕೇಳಿದಳು. ನಾನು ಇಲ್ಲವೆಂದು ತಲೆಯಾಡಿಸಿದೆ. ಅವಳು ಕಪ್ಪೆ ಹಾಕಿಕೊಳ್ಳಲು ಒಂದು ಹಳೆಯ ಡಬ್ಬಿ ತಂದುಕೊಟ್ಟಳು. ಅದರಿಂದ ಇನ್ನೂ ಕಷ್ಟವಾಯಿತು.

ಬೆಳಿಗ್ಗೆ ಕಾಲೇಜು ಶುರುವಾಗುವ ಮೊದಲೇ ಲ್ಯಾಬಿನ ಬಾಗಿಲು ತೆಗೆಸಿದೆ. ಅರಿವಳಿಕೆ ನೀರು. ಕತ್ತರಿ. ಕರುಳನ್ನು ಹೊರತೆಗೆದು, ಹೊಟ್ಟೆಯ ಕಡೆಯಿಂದ ಸ್ವಲ್ಪ ಸ್ವಲ್ಪವೇ ಸೀಳುತ್ತ ಹೋದೆ. ಮೊದಲ ತುಂಡಿನಲ್ಲಿ ಏನೂ ಇಲ್ಲ. ಎರಡನೆಯದರಲ್ಲಿ ಜೀರುಂಡೆಯ ರೆಕ್ಕೆಚೂರು ಮಾತ್ರ. ಹುಳು ಇಲ್ಲದೇ ಇದ್ದರೆ ಒಳ್ಳೆಯದು ಅನ್ನುವ ಯೋಚನೆಯೂ ಬಂದು ಹೋಯಿತು ಎಂದರೆ ನಂಬಬೇಕು. ಮೂರನೆಯ ತುಂಡನ್ನು ಸೀಳಿದಾಗ ಕರುಳಿನ ಗೋಡೆಗೆ ಕಚ್ಚಿಕೊಂಡ ಬಿಳಿ ಎಳ್ಳುಗಳು ಕಂಡವು. ಬೇಕಾದಷ್ಟು. ಮಿಸುಕುತ್ತಿದ್ದವು.

ಅಲ್ಲಿಗೇ ಸೀಳುವುದನ್ನು ನಿಲ್ಲಿಸಿದೆ. ಹೊರಬಂದವನ್ನು ಬಟ್ಟಲಿಗೆ ಹಾಕಿ ಬಿಸಿ ಫಾರ್ಮಲಿನ್ ಸುರಿದು ಸೀಸೆಗೆ ಸೇರಿಸಿದೆ. ಅದರ ಮುಂದಿನ ಕರುಳಿನ ತುಂಡನ್ನು ಸೀಳದೆ, ಎರಡೂ ತುದಿಗೆ ದಾರ ಕಟ್ಟಿ, ಕಪ್ಪೆಯ ಹೊಟ್ಟೆಯೊಳಗೇ ವಾಪಸು ಇಟ್ಟೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಥರ್ಮಾಕೋಲ್ ಡಬ್ಬಿಯಲ್ಲಿ, ಐಸಿನ ಮೇಲೆ ಮಲಗಿಸಿದೆ. ಒಂದೇ ಕಪ್ಪೆ, ಒಂದೇ ಕರುಳು, ಒಂದೇ ಹುಳು. ಇನ್ನು ಬೇರೆ ಇರಬೇಕಾದದ್ದು ಪ್ರಯಾಣ ಮಾತ್ರ.

ಡಬ್ಬಿಯನ್ನು ಲ್ಯಾಬಿನ ಮೂಲೆಯಲ್ಲಿಟ್ಟು ಸಂಜೆ ತೆಗೆಯಬಹುದಿತ್ತು. ಆದರೆ ಬಸ್ಸಿನ ಬಿಸಿ, ಕುಲುಕಾಟ, ಕರಗುವ ಐಸು, ದಾವಣಗೆರೆಯಲ್ಲಿ ಕಾಯುವುದು, ಇವೆಲ್ಲ ಇರದಿದ್ದರೆ ನಾಳೆ ನಾನೇ ನನ್ನನ್ನು ಒಪ್ಪುತ್ತಿರಲಿಲ್ಲ. ರಜೆ ಚೀಟಿ ಬರೆದಿಟ್ಟು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಜಗಳೂರಿಗೆ ಹೊರಟೆ. ಸತ್ತ ಕಪ್ಪೆಗೆ ಬಸ್ಸು ತೋರಿಸಿಕೊಂಡು ಬರಲು.

ಸಂತೇಬೆನ್ನೂರು ದಾಟುವಾಗ ಕಂಡಕ್ಟರು ಬಗ್ಗಿ ನೋಡಿದರು.

"ಡಬ್ಬಿಯಾಗೆ ಏನೈತ್ರಿ ಅಮ್ಮಾರೆ? ನೀರು ಸೋರ್ತಾ ಐತೆ."

"ಸ್ಯಾಂಪಲ್ ರೀ."

"ಎಂಥ ಸ್ಯಾಂಪಲ್ಲು? ಮೀನಾದ್ರೆ ಹಿಂದ್ಕೆ ಇಡ್ರಿ, ಜನ ಬೈತಾರೆ."

"ಮೀನಲ್ಲ, ಕಪ್ಪೆ."

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಪಕ್ಕದಲ್ಲಿ ಕೂತಿದ್ದ ಮುದುಕಿ ಸೀಟು ಬದಲಾಯಿಸಿದಳು. "ಕೂತ್ಕಳ್ರಿ, ಕೂತ್ಕಳ್ರಿ," ಅಂದು ಕಂಡಕ್ಟರು ಮುಂದೆ ಹೋದರು. ಜಗಳೂರಿನವರೆಗೂ ನನಗೆ ಎರಡು ಸೀಟು.

ಗೆಳತಿ ಜಗಳೂರು ಬಸ್‌ಸ್ಟ್ಯಾಂಡಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ಕಟ್ಟಿಸಿಕೊಂಡು ನಿಂತಿದ್ದಳು. "ಒಂದು ರಾತ್ರಿ ಇರದೆ ಹೆಂಗೆ ಹೋಗ್ತೀಯೇ?" ಎಂದು ಬೈದಳು. ನಾನು ಡಬ್ಬಿ ತೆಗೆದು ನೋಡಲಿಲ್ಲ. ಪಾರ್ಸಲ್ಲು ಬರುವಾಗ ಯಾರೂ ತೆಗೆದು ನೋಡುತ್ತಿರಲಿಲ್ಲವಲ್ಲ. ಮುಂದಿನ ಬಸ್ಸಿಗೇ ತಿರುಗಿದೆ.

ಹೊತ್ತು ಮುಳುಗುವ ಮೊದಲು ಲ್ಯಾಬಿಗೆ ಬಂದು ದಾರ ಬಿಚ್ಚಿ ಕರುಳು ಸೀಳಿದೆ. ಹುಳುಗಳು ಇದ್ದವು. ಮಿಸುಕುತ್ತಿರಲಿಲ್ಲ. ಫಾರ್ಮಲಿನ್ ಸುರಿದೆ. ಒಂದನ್ನು ಗಾಜಿನ ಮೇಲಿಟ್ಟು ಮುಚ್ಚಿ, ಬೆಳಿಗ್ಗೆ ತೆಗೆದಿಟ್ಟವುಗಳಲ್ಲಿ ಒಂದನ್ನು ಪಕ್ಕದ ಗಾಜಿನ ಮೇಲಿಟ್ಟೆ. ಬಣ್ಣವೇ ಬೇಕಿರಲಿಲ್ಲ. ಬೆಳಗಿನ ಹುಳುವಿನ ಅಂಚಿನಲ್ಲಿ ಮುಳ್ಳು ಹಲಸಿನ ಸಿಪ್ಪೆಯಂತೆ ಸಾಲುಸಾಲಾಗಿದ್ದವು. ಬಸ್ಸಿನಲ್ಲಿ ಹೋಗಿ ಬಂದದ್ದು ಬೋಳಾಗಿತ್ತು, ಉದ್ದವಾಗಿಯೂ ಇತ್ತು. ಹೊನ್ನಾಳಿಯೆನ್ಸೆ. ಸೂಳೆಕೆರೆಯ ಕೊಟ್ಟಿಗೆಯಲ್ಲಿ ಹುಟ್ಟಿ ಜಗಳೂರು ಬಸ್ಸಿನಲ್ಲಿ ತಯಾರಾದ ಹೊನ್ನಾಳಿಯೆನ್ಸೆ.

ಬಹಳ ಹೊತ್ತು ಅಲ್ಲೇ ಕೂತಿದ್ದೆ. ಅಳು ಬರಲಿಲ್ಲ. ಲೈಟು ಆರಿಸಿ, ಎರಡು ಸಲ ಬೀಗ ಎಳೆದು ನೋಡಿ ಮನೆಗೆ ಬಂದೆ.

ಪತ್ರಿಕೆಗೆ ಲೇಖನ ವಾಪಸು ಪಡೆಯುತ್ತೇನೆಂದು ಬರೆದೆ, ಕಾರಣವನ್ನೂ ಬರೆದೆ. ಕಳಿಸುವ ಮೊದಲು ಸರ್‌ಗೆ ಎರಡೂ ಹುಳುಗಳ ಫೋಟೊ ಕಳಿಸಿದ್ದೆ. ಅವರು ತಾವಾಗಿಯೇ ಫೋನು ಮಾಡಿದರು. ಕೋಪ ಇತ್ತು, ನನ್ನ ಮೇಲೋ ಹುಳುವಿನ ಮೇಲೋ ತಿಳಿಯಲಿಲ್ಲ.

"ಸರಿ, ನೀವು ಹೇಳಿದ್ದು ಸರಿ. ಆದ್ರೆ ಈಗ ಅಧ್ಯಾಯಕ್ಕೆ ಏನು ಬರೀತೀರಿ? ಸೂಳೆಕೆರೆ ಹುಳು ಒಂದೇ ಉಳೀತು. ಬೇರೆ ಮೂರು ಕಡೆ ಏನಿದೆ ಅಂತ ಹೇಳೋಕೆ ನಿಮ್ಮ ಹತ್ರ ಒಂದೂ ಒಳ್ಳೇ ಹುಳು ಇಲ್ಲ."

"ತರ್ತೀನಿ ಸರ್. ಕಪ್ಪೆ ನನ್ನ ಹತ್ರ ಬರೋದು ಬೇಡ, ನಾನೇ ಕಪ್ಪೆ ಹತ್ರ ಹೋಗ್ತೀನಿ."

"ಅವಧಿ?"

"ಅಷ್ಟರೊಳಗೆ."

ಅಣ್ಣನಿಗೆ ಹೇಳುವುದು ಇದಕ್ಕಿಂತ ಕಷ್ಟವಾಯಿತು.

"ಅಣ್ಣಾ, ಆ ಹುಳ ಹೊಸಾದಲ್ಲ. ಸೂಳೆಕೆರೇದೂ ಹೊನ್ನಾಳೀದೂ ಒಂದೇ. ಸತ್ತ ಕಪ್ಪೆ ಹೊಟ್ಟೆಯಾಗೆ ಇದ್ದು ಇದ್ದು ಮುಳ್ಳು ಉದುರ್ತಿದ್ವು."

"ಸತ್ತ ಮ್ಯಾಲೆ ಉದುರಿದ್ರೆ ಏನು ದೊಡ್ಡದವ್ವ, ನಂದು ಬದುಕಿದ್ದಂಗೇ ಉದುರ್ಯಾವೆ," ಅಂದ. ಅವನ ತಲೆಯಲ್ಲಿ ಕಿವಿಯ ಮೇಲಷ್ಟೇ ಕೂದಲು. ನನಗೆ ನಗು ಬಂತು. ಅವನು ನಗಲಿಲ್ಲ. "ಹಂಗಾದ್ರೆ ಊರ ಹೆಸರು?"

"ಇಲ್ಲ."

"ಹೋಟ್ಲಿನಾಗೆ ಏನ್ ಹೇಳ್ಲಿ?"

"ನನ್ನ ತಂಗಿ ತಪ್ಪು ನೋಡಿದ್ಲು, ಆಮೇಲೆ ಸರಿ ನೋಡಿದ್ಲು ಅನ್ನು."

ಅವನು ಆಟೊ ಸ್ಟಾರ್ಟು ಮಾಡಿದ. "ಮಳೆ ಬಂದ್ರೆ ಫೋನ್ ಮಾಡ್ತೀನಿ, ಬಂದ್ಬಿಡು," ಅಂದ.

ಹೋದೆ. ಬಟ್ಟಲು, ಕತ್ತರಿ, ಉಪ್ಪುನೀರು, ಫಾರ್ಮಲಿನ್, ಅದನ್ನು ಬಿಸಿ ಮಾಡಲು ಸಣ್ಣ ಸ್ಪಿರಿಟ್ ಒಲೆ, ಎಲ್ಲವೂ ಒಂದು ಬುಟ್ಟಿಯಲ್ಲಿ. ಮಳೆ ಬಂದ ಸಂಜೆ ಅಣ್ಣನ ಪಕ್ಕದಲ್ಲಿ ಲಗೇಜು ಆಟೊದಲ್ಲಿ ಕೂತು ಹೊನ್ನಾಳಿಯ ಹೊರಗೆ ನಿಧಾನ ಹೋಗುತ್ತಿದ್ದೆವು. ಮುಂದಿನ ಗಾಡಿಗೆ ಸಿಕ್ಕಿದ ಕಪ್ಪೆಯನ್ನು ಅಲ್ಲೇ, ರಸ್ತೆ ಬದಿಗೆ, ಆಟೊದ ಹಿಂಬದಿಯ ಹಲಗೆಯ ಮೇಲೆ ಕೊಯ್ಯುತ್ತಿದ್ದೆ. ಅಣ್ಣ ಟಾರ್ಚು ಹಿಡಿದು ಇನ್ನೊಂದು ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದ. ಹೊನ್ನಾಳಿಯದಕ್ಕೆ ಮುಳ್ಳಿದ್ದವು. ನ್ಯಾಮತಿಯಲ್ಲಿ, ಸವಳಂಗದ ಹತ್ತಿರ ಸಿಕ್ಕಿದ್ದಕ್ಕೂ ಇದ್ದವು. ಜಗಳೂರು ಉಳಿಯಿತು.

ಜಗಳೂರಿನಲ್ಲಿ ಮಳೆಯೇ ಬರಲಿಲ್ಲ. ಮಳೆ ಬಾರದೆ ಕಪ್ಪೆ ನೆಲದೊಳಗಿಂದ ಏಳುವುದಿಲ್ಲ. ಗೆಳತಿ ದಿನಾ ಸಂಜೆ ಫೋನಿನಲ್ಲಿ ಮೋಡದ ವರದಿ ಕೊಡುತ್ತಿದ್ದಳು. "ಕರ್ರಗೆ ಬಂತು, ಚಿತ್ರದುರ್ಗದ ಕಡೆ ಹೋತು." "ಗುಡುಗಿದ್ದಷ್ಟೇ ಬಂತು." ಇಲ್ಲಿ ನಾನು ಉಳಿದ ಅಧ್ಯಾಯಗಳನ್ನು ಟೈಪು ಮಾಡಿ ಮುಗಿಸಿ, ಜಗಳೂರು ಎಂದು ಬರೆದ ಒಂದು ಪುಟವನ್ನು ಖಾಲಿ ಬಿಟ್ಟು ಕಾಯುತ್ತಿದ್ದೆ. ಅತ್ತೆಯವರು ಯಾವತ್ತೂ ಇಲ್ಲದೆ ಹರಕೆ ಹೊತ್ತರು. "ಮಳೆಗೆ ಅಂದ್ಕೊಂಡೀನಿ, ಕಪ್ಪೆಗೆ ಅಂತ ದೇವ್ರಿಗೆ ಹೇಳಿಲ್ಲ" ಅಂದರು.

ಅವಧಿ ಮುಗಿಯಲು ಬೆರಳೆಣಿಕೆಯ ದಿನಗಳಿದ್ದಾಗ ನಾನು ಬುಟ್ಟಿ ಹಿಡಿದು ಗೆಳತಿಯ ಮನೆಗೇ ಹೋಗಿ ಕೂತೆ. ಮೊದಲ ಸಂಜೆ ಗಾಳಿ ಮಾತ್ರ. ಮಾರನೇ ಸಂಜೆ ದೊಡ್ಡ ಹನಿಗಳು ಶುರುವಾದವು. ಮಣ್ಣಿನ ವಾಸನೆ ಎದ್ದಿತು. ಇಬ್ಬರೂ ಒಂದು ಕೊಡೆಯಲ್ಲಿ ದಾವಣಗೆರೆ ರಸ್ತೆಗೆ ನಡೆದೆವು. ಪೆಟ್ರೋಲ್ ಬಂಕಿನ ದೀಪದ ಹತ್ತಿರ ಕಪ್ಪೆಗಳು ಏಳತೊಡಗಿದ್ದವು. ಅವು ರಸ್ತೆ ದಾಟಲೆಂದು ನನಗೆ ಒಂದು ಮನಸ್ಸು, ದಾಟದಿರಲೆಂದು ಇನ್ನೊಂದು. ಒಂದು ಟಿಪ್ಪರ್ ಬಂದು ಹೋಯಿತು.

ಗೆಳತಿ ಕೊಡೆ ಹಿಡಿದಳು. ಬಂಕಿನ ಕಟ್ಟೆಯ ಮೇಲೆ ಬುಟ್ಟಿ ಬಿಚ್ಚಿ, ಸತ್ತ ಕಪ್ಪೆಯ ಮೈ ಇನ್ನೂ ಮೆತ್ತಗಿರುವಂತೆಯೇ ಕರುಳು ಸೀಳಿದೆ. ಮೂರೇ ಮೂರು ಹುಳು, ಮಿಸುಕುತ್ತಿದ್ದವು. ಬಂಕಿನ ಹತ್ತಿರ ಒಲೆ ಹಚ್ಚುವುದು ಬೇಡವೆಂದು ಮನೆಯಲ್ಲೇ ಕಾಯಿಸಿ ಫ್ಲಾಸ್ಕಿನಲ್ಲಿ ತಂದಿದ್ದ ಫಾರ್ಮಲಿನ್ ಸುರಿದೆ.

ಅವಳ ಶಾಲೆಯ ಮೈಕ್ರೊಸ್ಕೋಪನ್ನು ಊಟದ ಮೇಜಿನ ಮೇಲಿಟ್ಟಿದ್ದೆವು. ಗಾಜು ಇಟ್ಟೆ. ಮಸೂರ ತಿರುಗಿಸಿದೆ. ಬೆಳಕು ತಗ್ಗಿಸಿದೆ. ಅಂಚು ಸ್ಪಷ್ಟವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನನ್ನ ಕಣ್ಣಲ್ಲೇ ನೀರು ತುಂಬಿತ್ತೋ ಏನೋ. ಬಾಯಿಯಿಂದ ಬಾಲದವರೆಗೆ, ಸಾಲುಸಾಲಾಗಿ ಮುಳ್ಳು.

ಗೆಳತಿ ಭುಜದ ಮೇಲೆ ಬಗ್ಗಿದಳು. "ಏನೇ, ಹೊಸಾದಾ?"

"ಇಲ್ಲ ಕಣೇ. ಹಳೇದೇ."

"ಅಯ್ಯೋ! ಮಳೆಯಾಗೆ ನೆನೆದು, ಇಷ್ಟು ದೂರ ಬಂದು, ಇಷ್ಟೆಲ್ಲಾ ಮಾಡಿದ್ದು?"

"ಹಳೇದು ಅಂತ ಹೇಳಾಕೇ," ಅಂದೆ. ಅವಳು ನನ್ನ ಮುಖ ನೋಡಿ, ತಲೆ ಒರೆಸಿಕೋ ಎಂದು ಟವೆಲು ಕೊಟ್ಟಳು. 'ಜಗಳೂರು' ಎಂಬ ಚೀಟಿ ಬರೆದು ಸೀಸೆಯೊಳಗೆ ಬಿಟ್ಟೆ. ಹೆಸರಿನ ಜಾಗದಲ್ಲಿ ಸೂಳೆಕೆರೆಯ ಹುಳುವಿಗೆ ಬರೆದದ್ದನ್ನೇ ಬರೆದಿದ್ದೆ.